140 ಹಾಕಿದರೆ ಹಿಡಿತ ಬರುತ್ತದೆಯೇ?

ಗಾಡಿಯ ಹಿಂದಿನ ಆಕ್ಸಲ್ ಮಧ್ಯದ ಲೋಹದ ಬುರುಡೆಗೆ ನಾವು ಹೌಸಿಂಗ್ ಅನ್ನುತ್ತೇವೆ. ಎರಡೂ ಚಕ್ರಕ್ಕೆ ಬಲ ಹಂಚುವ ಡಿಫರೆನ್ಶಿಯಲ್ ಇರುವುದು ಅದರೊಳಗೆ. ಅಲ್ಲಿಗೆ ಹಾಕುವ ಆಯಿಲಿನದೇ ಇವತ್ತಿನ ಮಾತು. ಮೇಜಿನ ಮೇಲೆ ಮೂರು ಗಾಜಿನ ಬಾಟಲಿ ಇವೆ, ನೋಡಿ. ಲೇಬಲ್ ಕಿತ್ತು ತಂದಿದ್ದೇನೆ. ಮೂರರಲ್ಲೂ ಮುಕ್ಕಾಲು ಭಾಗ ಆಯಿಲ್, ಮೇಲೆ ಒಂದಿಷ್ಟು ಗಾಳಿ. ಮೂರನ್ನೂ ಒಂದೇ ಸಲ ತಲೆಕೆಳಗು ಮಾಡುತ್ತೇನೆ, ಗುಳ್ಳೆ ಮೇಲೇರುವುದನ್ನು ಗಮನಿಸಿ. ಈ ಎರಡರ ಗುಳ್ಳೆ ಹೆಚ್ಚುಕಡಿಮೆ ಒಟ್ಟಿಗೇ ಮೇಲೆ ಬಂತು. ಮೂರನೆಯದು ಇನ್ನೂ ದಾರಿಯಲ್ಲಿದೆ, ಅದಕ್ಕೆ ಅವಸರವಿಲ್ಲ.

ಮೂರನೆಯದು ಯಾವುದು ಅಂತ ನೀವೇ ಹೇಳಿಬಿಟ್ಟಿರಿ, 140 ನಂಬರ್. ಸರಿ. ಉಳಿದ ಎರಡರಲ್ಲಿ ಒಂದು 90 ನಂಬರ್ ಗೇರ್ ಆಯಿಲ್, ಅಂದರೆ 80ಡಬ್ಲ್ಯು-90. ಇನ್ನೊಂದು ಹಳೆಯ ಬುಲೆಟ್‌ಗೆ ಹಾಕುತ್ತಿದ್ದ 20ಡಬ್ಲ್ಯು-50 ಎಂಜಿನ್ ಆಯಿಲ್. ತೊಂಬತ್ತು ಮತ್ತು ಐವತ್ತು. ಗುಳ್ಳೆಗೆ ಮಾತ್ರ ವ್ಯತ್ಯಾಸವೇ ಗೊತ್ತಾಗಲಿಲ್ಲ.

ಗ್ಯಾರೇಜಿನಲ್ಲಿ ನಾವು ‘ನಂಬರ್’ ಅನ್ನುವುದು ಎಸ್‌ಎಇ, ಅಂದರೆ ಅಮೆರಿಕದ ವಾಹನ ಎಂಜಿನಿಯರುಗಳ ಸಂಸ್ಥೆ, ಕೊಡುವ ಗ್ರೇಡ್. ಎಂಜಿನ್ ಆಯಿಲಿಗೆ ಒಂದು ಅಳತೆಪಟ್ಟಿ, ಅದರ ಹೆಸರು ಜೆ300. ಗೇರು ಮತ್ತು ಆಕ್ಸಲ್ ಆಯಿಲಿಗೆ ಬೇರೆಯದೇ ಪಟ್ಟಿ, ಜೆ306. ಎರಡಕ್ಕೂ ಸಂಬಂಧವಿಲ್ಲ. ಒಂದರಲ್ಲಿ ಸೇರು, ಇನ್ನೊಂದರಲ್ಲಿ ಕೊಳಗ ಅಂದುಕೊಳ್ಳಿ. ಗೇರ್ ಆಯಿಲಿನ ಪಟ್ಟಿಯಲ್ಲಿ 90 ಅಂದರೆ, 100 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅಳೆದಾಗ ಸ್ನಿಗ್ಧತೆ, ಅಂದರೆ ಆಯಿಲಿನ ಗಟ್ಟಿತನ, 13.5ರಿಂದ 18.5 ಸೆಂಟಿಸ್ಟೋಕ್ ಒಳಗಿರಬೇಕು. ಎಂಜಿನ್ ಆಯಿಲಿನ ಪಟ್ಟಿಯಲ್ಲಿ 50 ಅಂದರೆ 16.3ರಿಂದ 21.9. ಹೀಗಾಗಿ ಕೆಲವು ‘ಐವತ್ತು’ ಕೆಲವು ‘ತೊಂಬತ್ತ’ಕ್ಕಿಂತ ಗಟ್ಟಿ. ಒಂದು ಅಂದಾಜಿಗೆ ಹೇಳುತ್ತೇನೆ: ತಣ್ಣೀರಿನದು ಸುಮಾರು ಒಂದು ಸೆಂಟಿಸ್ಟೋಕ್.

140 ಅಂದರೆ 24ರಿಂದ 32.5. ಮಧ್ಯದಲ್ಲಿ 18.5ರಿಂದ 24ರವರೆಗಿನ ಜಾಗಕ್ಕೆ 110 ಅಂತ ಹೆಸರು. 2005ರವರೆಗೆ ಈ 110 ಪಟ್ಟಿಯಲ್ಲೇ ಇರಲಿಲ್ಲ. ಆಗ 13.5ರಿಂದ 24ರವರೆಗೂ ಎಲ್ಲವೂ 90. ಒಂದು ಕಂಪನಿಯ 90 ನೀರಾಗಿ, ಇನ್ನೊಂದರ 90 ಗಟ್ಟಿಯಾಗಿ ಇರುತ್ತಿದ್ದದ್ದು ಆ ಕಾಲದಲ್ಲಿ ಸುಳ್ಳಲ್ಲ. ನಮ್ಮ ಹಿರಿಯ ಮೇಸ್ತ್ರಿಗಳು ಕ್ಯಾನಿನ ಮಾತು ನಂಬದೆ ಆಯಿಲನ್ನು ಎರಡು ಬೆರಳಲ್ಲಿ ಉಜ್ಜಿ ನೋಡುತ್ತಿದ್ದರಲ್ಲ, ಅದಕ್ಕೂ ಕಾರಣವಿತ್ತು.

ಇನ್ನು ಮುಂದಿರುವ ಡಬ್ಲ್ಯು. ಅದು ಚಳಿಯ ಲೆಕ್ಕ. ಆಯಿಲ್ ತಣ್ಣಗಾದ ಹಾಗೆ ಗಟ್ಟಿಯಾಗುತ್ತಾ ಒಂದೂವರೆ ಲಕ್ಷ ಸೆಂಟಿಪಾಯ್ಸ್ (ಗಟ್ಟಿತನದ ಇನ್ನೊಂದು ಅಳತೆ) ಮುಟ್ಟುವುದು ಎಷ್ಟು ಡಿಗ್ರಿಯಲ್ಲಿ ಅನ್ನುವುದರ ಮೇಲೆ ಈ ಗ್ರೇಡ್ ನಿಂತಿದೆ. 85ಡಬ್ಲ್ಯು ಆದರೆ ಸೊನ್ನೆಗಿಂತ 12 ಡಿಗ್ರಿ ಕೆಳಗಿನವರೆಗೆ ತಡೆದುಕೊಳ್ಳಬೇಕು. 80ಡಬ್ಲ್ಯು 26 ಡಿಗ್ರಿ ಕೆಳಗಿನವರೆಗೆ, 75ಡಬ್ಲ್ಯು 40 ಡಿಗ್ರಿ ಕೆಳಗಿನವರೆಗೆ. ಒಂದೂವರೆ ಲಕ್ಷವೇ ಯಾಕೆ ಅಂದರೆ, ಅದಕ್ಕಿಂತ ಗಟ್ಟಿಯಾದ ಆಯಿಲ್ ಪಿನಿಯನ್ (ಹೌಸಿಂಗ್‌ಗೆ ಬಲ ತರುವ ಸಣ್ಣ ಗೇರು) ಬೇರಿಂಗಿಗೆ ಹರಿದು ತಲುಪದೆ ಬೇರಿಂಗ್ ಹೋಗಿದ್ದನ್ನು ಒಂದು ಆಕ್ಸಲ್ ಪರೀಕ್ಷೆಯಲ್ಲಿ ಕಂಡಿದ್ದರು. ಹಾಸನದಲ್ಲಿ, ಸಕಲೇಶಪುರದಲ್ಲಿ ಇದು ನಮಗೆ ಬೇಡದ ಕತೆ. ಆದರೆ ಇಲ್ಲಿಂದ ಲಡಾಖಿಗೆ ಜೀಪು ಓಡಿಸಿಕೊಂಡು ಹೋಗುವವರು ಇಲ್ಲೇ ಕೂತಿದ್ದೀರಿ. ಬೇಸಿಗೆಯಲ್ಲಿ ಹೋದರೆ ಚಿಂತೆಯಿಲ್ಲ. ಚಳಿಗಾಲದಲ್ಲಿ ಅಲ್ಲಿ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಇಳಿಯುತ್ತದೆ. ಹೌಸಿಂಗ್‌ನಲ್ಲಿ 85ಡಬ್ಲ್ಯು-140 ಇದ್ದರೆ ಬೆಳಗ್ಗೆ ಹೊರಟ ಹೊಸದರಲ್ಲಿ ಪಿನಿಯನ್ ಬೇರಿಂಗ್ ಆಯಿಲ್ ಸಿಗದೆ ಓಡಬೇಕಾದೀತು.

ಈಗ ನಿಜವಾದ ಪ್ರಶ್ನೆಗೆ ಬರೋಣ. ತಿಂಗಳಿಗೆ ಒಬ್ಬರಾದರೂ ನನ್ನ ಗ್ಯಾರೇಜಿಗೆ ಬಂದು ಕೇಳುತ್ತಾರೆ: ‘ನಮ್ಮ ಗಾಡಿಗೆ ಎಲ್‌ಎಸ್‌ಡಿ ಇದೆ, ಆದರೂ ಕೆಸರಲ್ಲಿ ಒಂದೇ ಚಕ್ರ ಗಿರಗಿರ ತಿರುಗುತ್ತೆ. 90 ತೆಗೆದು 140 ಹಾಕಿದರೆ ಹಿಡಿತ ಬರುತ್ತಾ?’ ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್, ಒಂದೇ ಚಕ್ರ ಸುಮ್ಮನೆ ತಿರುಗದಂತೆ ತಡೆಯಲು ಇರುವುದು. ಗಟ್ಟಿ ಆಯಿಲ್ ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವ ನಂಬಿಕೆ. ಹಲಸಿನ ಮೇಣದ ಹಾಗೆ ಅಂಟಿಕೊಂಡು ಎರಡೂ ಚಕ್ರವನ್ನು ಒಟ್ಟಿಗೆ ಎಳೆಯುತ್ತದೆ ಅಂತ. ಹಾಗಾಗುವುದಿಲ್ಲ. ಯಾಕೆ ಅಂತ ತಿಳಿಯಬೇಕಾದರೆ ಹೌಸಿಂಗ್ ಒಳಗೆ ಆಯಿಲಿಗೆ ಇರುವ ಎರಡು ಕೆಲಸಗಳನ್ನು ಬೇರೆ ಬೇರೆಯಾಗಿ ನೋಡಬೇಕು.

ಮೊದಲ ಕೆಲಸ ಕ್ರೌನ್ ಪಿನಿಯನ್‌ದು. ಪಿನಿಯನ್ ತಿರುಗಿಸುವ ದೊಡ್ಡ ಗೇರು ಕ್ರೌನ್. ಪಿನಿಯನ್ ಕ್ರೌನಿನ ನಡುಮಧ್ಯಕ್ಕೆ ಸರಿಯಾಗಿ ಕೂರುವುದಿಲ್ಲ, ಸ್ವಲ್ಪ ಕೆಳಗೆ ಕೂರುತ್ತದೆ. ಇದು ಹೈಪಾಯ್ಡ್ ಗೇರು. ಇದರಿಂದ ಪ್ರೊಪೆಲ್ಲರ್ ಶಾಫ್ಟ್ ತಗ್ಗುತ್ತದೆ, ಗೇರು ಸದ್ದಿಲ್ಲದೆ ಓಡುತ್ತದೆ. ಅದರ ಬೆಲೆ ಏನೆಂದರೆ, ಹಲ್ಲು ಹಲ್ಲಿನ ಮೇಲೆ ಬರೀ ಉರುಳುವುದಿಲ್ಲ, ಉದ್ದಕ್ಕೂ ಜಾರುತ್ತದೆ, ಅದೂ ಭಾರಿ ಒತ್ತಡದಲ್ಲಿ. ಆ ಜಾರುವಿಕೆಯಲ್ಲಿ ಉಕ್ಕಿಗೆ ಉಕ್ಕು ತಾಗದಂತೆ ನಡುವೆ ಆಯಿಲಿನ ಪೊರೆ ನಿಲ್ಲಬೇಕು. ಸ್ನಿಗ್ಧತೆ ಬೇಕಾಗಿರುವುದು ಇಲ್ಲಿ. ಪೊರೆ ಹರಿದ ಕ್ಷಣಕ್ಕೆ ಕಾಪಾಡಲು ಗಂಧಕ-ರಂಜಕದ ರಾಸಾಯನಿಕ ಬೆರೆಸಿರುತ್ತಾರೆ. ಹಳೆಯ ಹೌಸಿಂಗ್ ಬಿಚ್ಚಿದಾಗ ಮೂಗಿಗೆ ಹೊಡೆಯುವ ಕೊಳೆತ ಮೊಟ್ಟೆಯಂಥ ವಾಸನೆ ಅದರದೇ. ಮನೆಗೆ ಹೋಗಿ ಮೂರು ಸಲ ಕೈ ತೊಳೆದರೂ ಊಟದ ತಟ್ಟೆಯವರೆಗೆ ಬರುತ್ತದೆ. ಕ್ಯಾನಿನ ಮೇಲೆ ಜಿಎಲ್-5 ಅಂತ ಇದ್ದರೆ ಈ ರಾಸಾಯನಿಕ ಹೈಪಾಯ್ಡ್ ಗೇರಿಗೆ ಬೇಕಾದಷ್ಟು ಇದೆ ಅಂತ ಅರ್ಥ. ಹಿತ್ತಾಳೆಯ ಸಿಂಕ್ರೊ ರಿಂಗ್ ಇರುವ ಗೇರ್‌ಬಾಕ್ಸಿಗೆ ಮಾತ್ರ ಸಾಮಾನ್ಯವಾಗಿ ಜಿಎಲ್-4 ಕೇಳುತ್ತಾರೆ. ಎರಡೂ ಕ್ಯಾನಿನ ಮೇಲೆ 80ಡಬ್ಲ್ಯು-90 ಅಂತಲೇ ಇರಬಹುದು. ನಂಬರ್ ಒಂದೇ, ಮಾಲು ಬೇರೆ.

ಗಟ್ಟಿ ಆಯಿಲ್ ಹಾಕಿದರೆ ಪೊರೆ ದಪ್ಪವಾಗುತ್ತದೆ, ನಿಜ. ಆದರೆ ಕ್ರೌನ್ ಆ ಆಯಿಲನ್ನು ಕಡೆಯಬೇಕು. ಕಡೆದಷ್ಟೂ ಬಿಸಿ, ಬಿಸಿಯಾದಷ್ಟೂ ತೆಳು. ಸಾಮಾನ್ಯ ಮಿನರಲ್ 85ಡಬ್ಲ್ಯು-140 ಆಯಿಲಿನ ಸ್ನಿಗ್ಧತೆ 40 ಡಿಗ್ರಿಯಲ್ಲಿ 350 ಸೆಂಟಿಸ್ಟೋಕ್ ಆಸುಪಾಸು ಇರುತ್ತದೆ, 100 ಡಿಗ್ರಿಯಲ್ಲಿ ಅದೇ 26, 27ಕ್ಕೆ ಇಳಿಯುತ್ತದೆ. ಸಿಂಥೆಟಿಕ್ 75ಡಬ್ಲ್ಯು-140 ಆದರೆ 40 ಡಿಗ್ರಿಯಲ್ಲಿ 180ರ ಹತ್ತಿರ, 100 ಡಿಗ್ರಿಯಲ್ಲಿ 25ರ ಹತ್ತಿರ. ಕಾದ ಮೇಲೆ ಎರಡೂ ಒಂದೇ ದಾರಿಗೆ ಬರುತ್ತವೆ, ತಣ್ಣಗಿದ್ದಾಗ ಮೊದಲನೆಯದು ಎರಡರಷ್ಟು ಗಟ್ಟಿ. ದಿನಾ ಎಂಟು ಕಿಲೋಮೀಟರ್ ತೋಟಕ್ಕೆ ಹೋಗಿ ಬರುವ ಜೀಪಿನ ಹೌಸಿಂಗ್ ಕಾಯುವುದೇ ಇಲ್ಲ. ಅದಕ್ಕೆ 140 ಹಾಕಿದರೆ ವರ್ಷವಿಡೀ ಗಟ್ಟಿ ಮುದ್ದೆ ಕಲಸಿದ ಹಾಗೆ. ಡೀಸೆಲ್ ಹೋಗುತ್ತದೆ, ಬೇರೆ ಲಾಭ ಇಲ್ಲ.

ಎರಡನೆಯ ಕೆಲಸ ಎಲ್‌ಎಸ್‌ಡಿಯದು. ಸಾದಾ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಸಮಪಾಲು ಕೊಡುತ್ತದೆ. ಸಮಪಾಲು ಅನ್ನುವುದೇ ಅದರ ತೊಂದರೆ. ಒಂದು ಚಕ್ರ ಹುದುಲಲ್ಲಿ ಕೂತು ಎಷ್ಟು ಕಡಿಮೆ ಬಲಕ್ಕೆ ತಿರುಗುತ್ತದೋ, ಗಟ್ಟಿ ನೆಲದ ಮೇಲಿರುವ ಚಕ್ರಕ್ಕೂ ಅಷ್ಟೇ ಸಿಗುತ್ತದೆ. ಅದನ್ನು ತಪ್ಪಿಸಲು ಎಲ್‌ಎಸ್‌ಡಿ ಎರಡು ಚಕ್ರಗಳ ನಡುವೆ ಬೇಕೆಂದೇ ಒಂದಿಷ್ಟು ಬಿಗಿ ಇಡುತ್ತದೆ. 1930ರ ದಶಕದಲ್ಲಿ ಜರ್ಮನಿಯ ಆಟೊ ಯೂನಿಯನ್ ರೇಸ್ ಕಾರುಗಳು ವಿಪರೀತ ಶಕ್ತಿಗೆ ಓಡುತ್ತಲೇ ಹಿಂದಿನ ಒಂದು ಚಕ್ರವನ್ನು ಸುಮ್ಮನೆ ಗಿರಗಿರ ತಿರುಗಿಸುತ್ತಿದ್ದವು. ಫರ್ಡಿನಾಂಡ್ ಪೋರ್ಶೆ ಝಡ್‌ಎಫ್ ಕಂಪನಿಯಿಂದ ಇದಕ್ಕೆ ಪರಿಹಾರ ಮಾಡಿಸಿದರು. ಅಮೆರಿಕದಲ್ಲಿ ಪ್ಯಾಕಾರ್ಡ್ 1956ರಲ್ಲಿ ಮಾರಾಟದ ಕಾರಿಗೆ ಕೊಟ್ಟಿತು. ನಮ್ಮ ಕಡೆ ಸಫಾರಿ ಸ್ಟಾರ್ಮ್ ಬಂದ ಮೇಲೆ ತೋಟದವರ ಬಾಯಲ್ಲೂ ಎಲ್‌ಎಸ್‌ಡಿ ಅನ್ನುವ ಮಾತು ಬಂತು.

ಹೆಸರು ಒಂದೇ ಆದರೂ ಒಳಗೆ ಬೇರೆ ಬೇರೆ ಜಾತಿ. ನಂಬರ್ ಕೇಳುವ ಮೊದಲು ಜಾತಿ ಕೇಳಿ. ಇದೊಂದು ವಿಷಯದಲ್ಲಿ ಅದು ತಪ್ಪಲ್ಲ.

ಸೀಲ್ ಮಾಡಿದ ಡಬ್ಬಿಯೊಳಗೆ ಸಿಲಿಕೋನ್ ದ್ರವ ತುಂಬಿದ ವಿಸ್ಕಸ್ ಜಾತಿ ಒಂದಿದೆ. ಹೌಸಿಂಗ್ ಆಯಿಲ್ ಆ ಡಬ್ಬಿಯೊಳಗೆ ಹೋಗುವುದೇ ಇಲ್ಲ, ಹಾಗಾಗಿ ಅದರ ಹಿಡಿತಕ್ಕೂ ನೀವು ಹಾಕುವ ನಂಬರಿಗೂ ಸಂಬಂಧವಿಲ್ಲ. ಟಾರ್ಸೆನ್ ಥರದ ಹೆಲಿಕಲ್ ಗೇರಿನದು ಇನ್ನೊಂದು. ಅಲ್ಲಿ ಪ್ಲೇಟ್ ಆಧಾರವಿಲ್ಲ, ಓರೆ ಹಲ್ಲಿನ ಗೇರುಗಳು ಭಾರ ಬಿದ್ದಾಗ ಒಂದಕ್ಕೊಂದು, ಗೋಡೆಗೆ ಒತ್ತಿಕೊಂಡು ಬಿಗಿ ಹುಟ್ಟಿಸುತ್ತವೆ. ಕಂಪನಿ ಹೇಳಿದ ಜಿಎಲ್-5 ಆಯಿಲ್ ಸಾಕು. ಎಲ್‌ಎಸ್‌ಡಿ ಅಂತ ಹೆಸರು ಕೇಳಿ ಅದಕ್ಕೆ ಜಾರಿಸುವ ಔಷಧ (ಫ್ರಿಕ್ಷನ್ ಮಾಡಿಫೈಯರ್, ಮುಂದೆ ಹೇಳುತ್ತೇನೆ) ಹಾಕಿದರೆ ಇರುವ ಬಿಗಿಯೂ ಕಡಿಮೆಯಾಗುತ್ತದೆ.

ಥಾರ್ ಇಟ್ಟುಕೊಂಡವರು ಕೈ ಎತ್ತಿದ್ದೀರಿ, ನಿಮ್ಮದಕ್ಕೇ ಬಂದೆ. 2015ರ ಮಾರ್ಪಾಡಿನಿಂದ ಥಾರ್‌ಗೆ ಹಿಂದಿನ ಆಕ್ಸಲ್‌ನಲ್ಲಿ ಬಂದದ್ದು ಈಟನ್ ಕಂಪನಿಯ ಎಂಎಲ್‌ಡಿ, ಅಂದರೆ ಮೆಕ್ಯಾನಿಕಲ್ ಲಾಕಿಂಗ್ ಡಿಫರೆನ್ಶಿಯಲ್. ಅದು ಎಲ್‌ಎಸ್‌ಡಿ ಅಲ್ಲ, ಲಾಕರ್. ಎರಡು ಚಕ್ರದ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದಾಗ ಒಳಗಿನ ಪುಟ್ಟ ಗವರ್ನರ್ ತೂಕಗಳು ರೆಕ್ಕೆ ಬಿಚ್ಚಿ ಕೊಂಡಿಗೆ ಸಿಕ್ಕಿಕೊಳ್ಳುತ್ತವೆ. ಆಗ ಪ್ಲೇಟುಗಳು ಒತ್ತಿ ಪೂರ್ತಿ ಲಾಕ್ ಆಗುತ್ತದೆ. ‘ಲಾಕೇ ಆಗಲ್ಲ ಸಾರ್’ ಅಂತ ದೂರು ತಂದವರಲ್ಲಿ ಅರ್ಧ ಮಂದಿ ಚಕ್ರ ತಿರುಗಿದ ಕೂಡಲೇ ಹೆದರಿ ಆಕ್ಸಿಲರೇಟರ್ ಬಿಟ್ಟಿರುತ್ತಾರೆ. ಒಂದು ಹದದಲ್ಲಿ ತುಳಿದು ಹಿಡಿದರೆ ಟಕ್ ಅಂತ ಹಿಡಿಯುತ್ತದೆ. 140 ಹಾಕಿದರೆ ಈ ಹದ ಬದಲಾಗುವುದಿಲ್ಲ. ಕೈಪಿಡಿಯಲ್ಲಿರುವ ಗ್ರೇಡ್ ಹಾಕಿ, ಮೇಲೊಂದು ಔಷಧ ಸುರಿಯಬೇಡಿ.

ಉಳಿದದ್ದು ಕ್ಲಚ್ ಪ್ಲೇಟಿನ ಎಲ್‌ಎಸ್‌ಡಿ. ಒತ್ತಿಕೊಂಡ ಪ್ಲೇಟುಗಳ ಉಜ್ಜಾಟವೇ ಇಲ್ಲಿ ಎರಡು ಚಕ್ರಗಳ ನಡುವಿನ ಬಿಗಿ. ಇವತ್ತಿನ ಮಾತೆಲ್ಲ ಮುಖ್ಯವಾಗಿ ಇದಕ್ಕೇ. ಈ ಪ್ಲೇಟ್ ಮುಂದಿನ ಸಾಲಿನಿಂದ ಕೈಗೆ ಕೈ ದಾಟಿಸಿ, ಮುಟ್ಟಿ ನೋಡಿ. ಅಂಚಿನಲ್ಲಿ ಕಿವಿ, ಮೈಮೇಲೆ ಆಯಿಲ್ ಹರಿಯಲು ಗೀರು. ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತದೆ. ಹೊಳಪು ಚೆನ್ನಾಗಿದೆ ಅನ್ನಬೇಡಿ, ಅದು ಉಜ್ಜಿ ಉಜ್ಜಿ ಗಾಜಾಗಿದೆ, ಸತ್ತಿದೆ. ಅದು ಯಾಕೆ ಸತ್ತಿತು ಅನ್ನುವುದು ನನ್ನದೇ ತಪ್ಪಿನ ಕತೆ.

ಗ್ಯಾರೇಜ್ ಶುರು ಮಾಡಿದ ಹೊಸತು. ಕಾಫಿ ತೋಟದ ಒಂದು ಪಿಕಪ್ ಬಂತು, ಹಿಂದೆ ಎಲ್‌ಎಸ್‌ಡಿ. ಮಾಲೀಕರು ‘ಲೋಡು ಜಾಸ್ತಿ, ಒಳ್ಳೆ ಗಟ್ಟಿ ಆಯಿಲ್ ಹಾಕಿ’ ಅಂದರು. ನಾನೂ ಜಾಣನ ಹಾಗೆ 85ಡಬ್ಲ್ಯು-140 ತುಂಬಿದೆ. ಜಿಎಲ್-5 ಇತ್ತು, ನಂಬರ್ ದೊಡ್ಡದಿತ್ತು, ಇನ್ನೇನು ಬೇಕು? ನಾಲ್ಕನೇ ದಿನ ಗಾಡಿ ವಾಪಸ್. ಅಂಗಳದಲ್ಲಿ ತಿರುಗಿಸಿದರೆ ಹಿಂದಿನಿಂದ ಕಟ ಕಟ ಕಟ, ಸೀಟಿನ ಕೆಳಗೆ ಯಾರೋ ಕೂತು ಸುತ್ತಿಗೆಯಲ್ಲಿ ಹೊಡೆದ ಹಾಗೆ. ನೇರ ಹೋದರೆ ಸದ್ದಿಲ್ಲ. ಪಿನಿಯನ್ ಬೇರಿಂಗ್ ಅಂದುಕೊಂಡೆ, ಬದಲಾಯಿಸಿದೆ. ಹೋಗಲಿಲ್ಲ. ಆಕ್ಸಲ್ ಬೇರಿಂಗ್ ಬದಲಾಯಿಸಿದೆ. ಹೋಗಲಿಲ್ಲ. ಅಷ್ಟರಲ್ಲಿ ಎರಡು ತಿಂಗಳು ಗಾಡಿ ಹಾಗೇ ಓಡಿತ್ತು. ಕಡೆಗೆ ಡಿಫರೆನ್ಶಿಯಲ್ ಬಿಚ್ಚಿದಾಗ ಸಿಕ್ಕಿದ್ದು ನಿಮ್ಮ ಕೈಯಲ್ಲಿರುವ ಪ್ಲೇಟು. ಬೇರಿಂಗಿನ ದುಡ್ಡು ನಾನೇ ಕಟ್ಟಿದೆ.

ಕಾರಣ ಇಷ್ಟೇ. ಭಾರದ ಬೀರು ನೆಲದ ಮೇಲೆ ತಳ್ಳಿದ್ದೀರಲ್ಲ. ಮೊದಲ ಅಲುಗಾಟಕ್ಕೆ ಮೈಯೆಲ್ಲ ಬಲ ಬೇಕು, ಒಮ್ಮೆ ಜಾರಲು ಶುರುವಾದರೆ ಸುಲಭ. ನಿಧಾನವಾಗಿ ತಳ್ಳಿದರೆ ಜಾರುತ್ತದೆ, ನಿಲ್ಲುತ್ತದೆ, ಮತ್ತೆ ಜಾರುತ್ತದೆ, ಮನೆಯೆಲ್ಲ ಕೇಳುವ ಹಾಗೆ ಗರಗರ ಅನ್ನುತ್ತದೆ. ಪ್ಲೇಟುಗಳದ್ದೂ ಅದೇ ಪಾಡು. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕು, ಆದ್ದರಿಂದ ಪ್ಲೇಟುಗಳು ಒಂದರ ಮೇಲೊಂದು ನಿಧಾನವಾಗಿ ಜಾರಲೇಬೇಕು. ನಿಂತಾಗಿನ ಹಿಡಿತ ಜಾರುವಾಗಿನ ಹಿಡಿತಕ್ಕಿಂತ ಜಾಸ್ತಿ ಇದ್ದರೆ ಅಂಟು, ಬಿಡು, ಅಂಟು, ಬಿಡು. ಅದೇ ಆ ಕಟಕಟ. ಇದಕ್ಕೆ ಔಷಧ ಫ್ರಿಕ್ಷನ್ ಮಾಡಿಫೈಯರ್. ಅದು ಲೋಹದ ಮೈಗೆ ಪೊರೆಯಾಗಿ ಅಂಟಿ, ನಿಂತಾಗಿನ ಹಿಡಿತವನ್ನು ಜಾರುವಾಗಿನ ಮಟ್ಟಕ್ಕೆ ಇಳಿಸುತ್ತದೆ. ಸ್ನಿಗ್ಧತೆ ಈ ಕೆಲಸ ಮಾಡಲಾರದು. ಮಾಡಿಫೈಯರ್ ಇಲ್ಲದ 140 ಕಟಕಟ ಅನ್ನುತ್ತದೆ, ಮಾಡಿಫೈಯರ್ ಇರುವ 90 ಮೆತ್ತಗೆ ತಿರುಗುತ್ತದೆ. ಗಟ್ಟಿ ಆಯಿಲಿನಿಂದ ಇನ್ನೊಂದು ಸಣ್ಣ ಕಿರಿಕಿರಿಯೂ ಇದೆ: ಪ್ಲೇಟ್ ಒತ್ತಿಕೊಳ್ಳುವ ಮೊದಲು ನಡುವಿನ ಆಯಿಲ್ ಹಿಂಡಿ ಹೊರಹೋಗಬೇಕು, ಗಟ್ಟಿಯಾದಷ್ಟೂ ಅದಕ್ಕೆ ಹೊತ್ತು ಜಾಸ್ತಿ. ಹಿಡಿತ ಬೇಕೆಂದು ಹಾಕಿದ 140 ಹಿಡಿತವನ್ನೇ ತಡಮಾಡುತ್ತದೆ.

ಹಾಗಂತ ಮಾಡಿಫೈಯರನ್ನು ತುಪ್ಪದ ಹಾಗೆ ಸುರಿಯುವುದಲ್ಲ. ಜಾಸ್ತಿಯಾದರೆ ಪ್ಲೇಟುಗಳು ಬರೀ ಜಾರುತ್ತವೆ, ಎಲ್‌ಎಸ್‌ಡಿಗೆ ದುಡ್ಡು ಕೊಟ್ಟು ಸಾದಾ ಡಿಫರೆನ್ಶಿಯಲ್ ಓಡಿಸಿದಂತೆ. ಅಮೆರಿಕದ ಫೋರ್ಡ್ 8.8 ಇಂಚಿನ ಆಕ್ಸಲ್‌ಗೆ ಹೇಳುವ ಪ್ರಮಾಣ 4 ಔನ್ಸ್, ಅಂದರೆ 118 ಮಿಲಿಲೀಟರ್, ಒಂದು ಕಾಫಿ ಲೋಟದಷ್ಟು. ಕ್ಯಾನಿನ ಮೇಲೆ ಎಲ್‌ಎಸ್ ಅಂತಲೋ ಲಿಮಿಟೆಡ್ ಸ್ಲಿಪ್ ಅಂತಲೋ ಇದ್ದರೆ ಮಾಡಿಫೈಯರ್ ಅದರೊಳಗೇ ಬೆರೆತಿರುತ್ತದೆ, ಮೊದಲು ಅಷ್ಟರಲ್ಲೇ ಓಡಿಸಿ ನೋಡಿ. ಕಟಕಟ ಉಳಿದರೆ ಮಾತ್ರ ಸ್ವಲ್ಪ ಸ್ವಲ್ಪ ಸೇರಿಸಿ.

ಹಾಗಾದರೆ 140 ಯಾರಿಗೂ ಬೇಡವೇ ಅಂತ ಹಿಂದಿನಿಂದ ಕೇಳಿದರು. ಬೇಕು. ಎಷ್ಟು ಬಿಸಿಯಾಗುತ್ತದೆ ಅನ್ನುವುದರ ಮೇಲೆ ಬೇಕು. ಶಿರಾಡಿ ಘಾಟಿಯನ್ನು ತುಂಬಿದ ಟ್ರೇಲರ್ ಎಳೆದುಕೊಂಡು ಹತ್ತುವ ಗಾಡಿ, ಕಲಬುರಗಿಯ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಲೋಡು ಹೊತ್ತು ಓಡುವ ಗಾಡಿ, ರ‍್ಯಾಲಿಗೆ ಇಳಿಯುವ ಗಾಡಿ, ಇವುಗಳ ಹೌಸಿಂಗ್ 100 ಡಿಗ್ರಿ ದಾಟುವುದು ಅಪರೂಪವಲ್ಲ. 120 ಡಿಗ್ರಿಯಲ್ಲಿ 90 ನಂಬರಿನ ಆಯಿಲ್ ತುಂಬಾ ತೆಳುವಾಗಿರುತ್ತದೆ. ಅಲ್ಲಿ 75ಡಬ್ಲ್ಯು-140 ಎಲ್‌ಎಸ್ ಸಿಂಥೆಟಿಕ್‌ಗೆ ಖರ್ಚು ಮಾಡಿದ ದುಡ್ಡು ಕ್ರೌನ್ ಪಿನಿಯನ್‌ಗೆ ಸಲ್ಲುತ್ತದೆ, ಪ್ಲೇಟಿಗಲ್ಲ. ಉಳಿದವರಿಗೆ, ಅಂದರೆ ಇಲ್ಲಿ ಕೂತಿರುವ ಹತ್ತರಲ್ಲಿ ಎಂಟು ಮಂದಿಗೆ, ಕೈಪಿಡಿಯ 80ಡಬ್ಲ್ಯು-90 ಅಥವಾ 75ಡಬ್ಲ್ಯು-90 ಸಾಕು. ಕೈಪಿಡಿಯಲ್ಲಿ 75ಡಬ್ಲ್ಯು-85 ಅಂತ ನೋಡಿ ಗಾಬರಿಯಾಗಬೇಡಿ. ಇಂಧನ ಉಳಿಸಲು ಹೊಸ ಗಾಡಿಗಳು ತೆಳುವಿನ ಕಡೆ ಹೋಗುತ್ತಿವೆ. ಆ ಆಯಿಲಿನ ರಾಸಾಯನಿಕ, ಆ ಹಲ್ಲಿನ ನಯ ಎರಡನ್ನೂ ಅದಕ್ಕೆ ಹೊಂದಿಸಿಯೇ ಮಾಡಿರುತ್ತಾರೆ. ನನ್ನ ಲೆಕ್ಕದಲ್ಲಿ ಸುಮ್ಮನೆ ಎರಡು ಗ್ರೇಡ್ ಮೇಲೆ ಹೋಗುವುದಕ್ಕಿಂತ, ಹೇಳಿದ ಗ್ರೇಡನ್ನು ಅರ್ಧ ಅವಧಿಗೇ ಬದಲಾಯಿಸುವುದು ಲೇಸು.

ಮಲೆನಾಡಿನಲ್ಲಿ ಆಯಿಲನ್ನು ಕೊಲ್ಲುವುದು ಬಿಸಿಗಿಂತ ಹೆಚ್ಚಾಗಿ ನೀರು. ಓಡಿ ಕಾದ ಹೌಸಿಂಗ್ ತಟ್ಟನೆ ಹೊಳೆಗೆ ಇಳಿಯುತ್ತದೆ. ಒಳಗಿನ ಗಾಳಿ ತಣಿದು ಕುಗ್ಗುತ್ತದೆ. ಮೇಲಿನ ಬ್ರೀದರ್, ಅಂದರೆ ಗಾಳಿಯಾಡುವ ತೂತು, ಕೆಸರಿನಿಂದ ಕಟ್ಟಿದ್ದರೆ ಆಕ್ಸಲ್ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಡ್ರೈನ್ ಮಾಡಿದಾಗ ಹಾಲು ಹಾಕಿದ ಕಾಫಿಯ ಬಣ್ಣ ಬಂದರೆ, ಅದು ಯಾವ ನಂಬರ್ ಅನ್ನುವ ಚರ್ಚೆಯೇ ಬೇಡ, ಅವತ್ತೇ ಬದಲಾಯಿಸಿ. ಬ್ರೀದರಿಗೆ ಒಂದು ಪೈಪು ಸಿಕ್ಕಿಸಿ ಎತ್ತರಕ್ಕೆ ಕಟ್ಟಿಕೊಂಡರೆ ಅರ್ಧ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಹಳೆಯ ಗಾಡಿ ಕೊಂಡಿದ್ದೇನೆ, ಎಲ್‌ಎಸ್‌ಡಿ ಇದೆಯೋ ಇಲ್ಲವೋ ಗೊತ್ತಿಲ್ಲ ಅನ್ನುವವರು ಹೀಗೆ ಮಾಡಿ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಡಿ, ಹಿಂದಿನ ಎರಡೂ ಚಕ್ರ ನೆಲ ಬಿಡುವ ಹಾಗೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರವನ್ನು ಕೈಯಿಂದ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಹೆಚ್ಚಾಗಿ ಪ್ಲೇಟಿನ ಎಲ್‌ಎಸ್‌ಡಿ, ಅದೂ ಜೀವಂತ. ಉಲ್ಟಾ ತಿರುಗಿದರೆ ಸಾದಾ ಇರಬಹುದು, ಪ್ಲೇಟ್ ಸವೆದ ಎಲ್‌ಎಸ್‌ಡಿ ಇರಬಹುದು, ಟಾರ್ಸೆನ್ ಅಥವಾ ಎಂಎಲ್‌ಡಿಯೂ ಇರಬಹುದು. ಆಗ ಆಕ್ಸಲ್ ಮೇಲಿನ ಪಟ್ಟಿ ಓದಬೇಕು.

ಕಡೆಯದಾಗಿ, ಮನೆಯಲ್ಲೇ ಆಯಿಲ್ ಬದಲಾಯಿಸುವವರಿಗೆ. ಡ್ರೈನ್ ಪ್ಲಗ್ ಮುಟ್ಟುವ ಮೊದಲು ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿ ನೋಡಿ. ಆಯಿಲೆಲ್ಲ ಇಳಿಸಿದ ಮೇಲೆ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ. ಭಾನುವಾರ ಸಂಜೆ ನನಗೆ ಬರುವ ಫೋನುಗಳಲ್ಲಿ ಇದೇ ಹೆಚ್ಚು. ಬಿಸಿ ಇರುವಾಗಲೇ ಇಳಿಸಿ. ಪ್ಲಗ್ಗಿನ ಮ್ಯಾಗ್ನೆಟ್ ಮೇಲೆ ಬೂದಿಯಂಥ ಕಪ್ಪು ಕೆಸರು ಇದ್ದರೆ ಅದು ದಿನನಿತ್ಯದ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ನಿಲ್ಲಿಸಿ, ಬಿಚ್ಚಿಸಿ. ಮಾಡಿಫೈಯರ್ ಬೇರೆಯಾಗಿ ಹಾಕುವುದಿದ್ದರೆ ಅದನ್ನು ಮೊದಲು ಸುರಿದು, ಮೇಲೆ ಆಯಿಲ್ ತುಂಬಿ. ಆಯಿಲ್ ತುಂಬಿಕೊಂಡ ಮೇಲೆ ಔಷಧಕ್ಕೆ ಜಾಗ ಇರುವುದಿಲ್ಲ. ಫಿಲ್ಲರ್ ತೂತಿನ ಕೆಳಅಂಚಿಗೆ ಆಯಿಲ್ ಬಂದು ತೊಟ್ಟಿಕ್ಕತೊಡಗಿದರೆ ಸಾಕು.

ಆಮೇಲೆ ನೇರ ರಸ್ತೆಗೆ ಹೋಗಬೇಡಿ. ಯಾವುದಾದರೂ ಶಾಲೆ ಮೈದಾನಕ್ಕೋ ಕಣಕ್ಕೋ ಹೋಗಿ, ಸ್ಟೇರಿಂಗ್ ಪೂರ್ತಿ ಕಡಿದು, ನಡಿಗೆಗಿಂತ ತುಸು ಜೋರಾಗಿ ಇಂಗ್ಲಿಷ್ ಎಂಟರ ಆಕಾರದಲ್ಲಿ ಎಂಟು ಹತ್ತು ಸುತ್ತು ಹಾಕಿ. ಹೊಸ ಆಯಿಲ್ ಎಲ್ಲ ಪ್ಲೇಟಿನ ನಡುವೆ ಹೊಕ್ಕಬೇಕು. ಮೊದಲ ಎರಡು ಸುತ್ತಿನಲ್ಲಿ ಒಂದೆರಡು ಸಲ ಕಟ್ ಅನ್ನಬಹುದು. ನಾಲ್ಕನೆಯದರ ಹೊತ್ತಿಗೆ ನಿಲ್ಲಬೇಕು. ನೋಡುವವರು ಕುಡಿದು ಓಡಿಸುತ್ತಿದ್ದೀರಿ ಅಂದುಕೊಂಡರೆ ಅಂದುಕೊಳ್ಳಲಿ, ಕಿಟಕಿ ಇಳಿಸಿ ಹಿಂದಿನ ಸದ್ದಿಗೆ ಕಿವಿ ಕೊಡಿ.